ಹೆಸರು ಹೇಳಬಾರದ ಸೊಪ್ಪು

ಹೊರಗೆ ನಲವತ್ಮೂರು ಡಿಗ್ರಿ. ಲಿಂಗಸುಗೂರು ರಸ್ತೆಯ ಡಾಂಬರು
ಚಪ್ಪಲಿ ಹಿಡಿದು ಎಳೆಯುತ್ತದೆ.
ಒಳಗೆ ಇಪ್ಪತ್ನಾಲ್ಕು. ಎರಡು ಬಾಗಿಲು,
ಒಂದು ಮುಚ್ಚಿದ ಮೇಲೆಯೇ ಇನ್ನೊಂದು.
ಕರೆಂಟು ಹೋದರೆ ಜನರೇಟರ್ ಮೊದಲು ಗಿಡಗಳಿಗೆ,
ಆಮೇಲೆ ನಮ್ಮ ಫ್ಯಾನಿಗೆ.

ಹೊಗೆಸೊಪ್ಪಿನ ದಾಯಾದಿ ಇದು, ಬೀಡಿಗೆ ಬಾರದ್ದು.
ಮೆತ್ತನೆ ಎಲೆ, ಕೂಸಿನ ಕಿವಿಯಂಥದ್ದು.
ಐದನೇ ವಾರಕ್ಕೆ ಕುಂಡ ಎತ್ತಿ, ತಲೆಕೆಳಗು ಮಾಡಿ
ಮಬ್ಬು ನೀರಿನಲ್ಲಿ ಅದ್ದುತ್ತೇವೆ.
ಪಂಪು ಗಾಳಿ ಎಳೆಯುತ್ತದೆ. ಎಲೆಯೊಳಗಿನ ಉಸಿರು
ಗುಳ್ಳೆ ಗುಳ್ಳೆಯಾಗಿ ಹೊರಬೀಳುತ್ತದೆ.
ಗಾಳಿ ಮರಳಿ ಬಿಟ್ಟಾಗ, ಹೋದ ಉಸಿರಿನ ಜಾಗಕ್ಕೆ
ನೀರು ನುಗ್ಗುತ್ತದೆ, ನೀರಿನೊಳಗಿನ ಜೀವಾಣು ನುಗ್ಗುತ್ತದೆ,
ಅದರ ಹೆಗಲ ಮೇಲೊಂದು ಚೀಟಿ:
ಇಂಥದ್ದು ಕಟ್ಟು, ಎಂದು.
ಎಲೆ ಆರು ದಿನದಲ್ಲಿ ಓದಿ ಕಟ್ಟುತ್ತದೆ.
ನಾನು ಏಳನೇ ಇಯತ್ತೆಗೆ ಬಿಟ್ಟವಳು.

ಏನು ಕಟ್ಟುತ್ತದೆ ಮೇಡಂ, ಎಂದೆ.
ನಸರೀನ್ ಮೇಡಂ ಬೋರ್ಡಿನ ಮೇಲೆ ಗೀಚಿ
ಪ್ರತಿಕಾಯ, ಅಂದರು.
ನನಗೆ ಕಂಡದ್ದು ಕವೆ.
ಹಾವಿನ ಕುತ್ತಿಗೆ ನೆಲಕ್ಕೊತ್ತುವ ಕವೆಗೋಲು.
ಒಂದು ಹನಿ ವಿಷದಲ್ಲಿ ಲೆಕ್ಕವಿಲ್ಲದಷ್ಟು ಹಾವು;
ಹಾವಿಗೊಂದು ಕವೆ ಬೇಕು.

ತಮ್ಮ ಮೌನೇಶ ಗಬ್ಬೂರಿನ ಹತ್ತಿ ಹೊಲದಲ್ಲಿ
ರಾತ್ರಿ ಪಾಳಿಯ ನೀರು ಕಟ್ಟಲು ಹೋಗಿ
ಕೊಳಕುಮಂಡಲ ತುಳಿದ.
ಸಾಬಣ್ಣ ತಾತ ಸೊಪ್ಪು ಅರೆದು
ಮುಷ್ಟಿಯಲ್ಲಿ ಮುಚ್ಚಿ ತಂದ.
ಯಾವ ಸೊಪ್ಪು ತಾತ?
"ಹೆಸರು ಹೇಳಿದರ ಗುಣ ಹೋಗ್ತದವ್ವ."
ಆ ಮುಷ್ಟಿಗೆ ಮೂರು ತಾಸು ಕೊಟ್ಟೆವು.
ಆಮೇಲೆ ಟಂಟಂ, ರಾಯಚೂರು, ದೊಡ್ಡಾಸ್ಪತ್ರೆ,
ಕುದುರೆಯ ರಕ್ತದಿಂದ ತೆಗೆದ ಮದ್ದು.
ಮೈಯೆಲ್ಲ ದದ್ದೆದ್ದು, ಗಂಟಲು ಕಟ್ಟಿ,
ಹಾವಿನಿಂದ ಉಳಿಸಿದ ಮೇಲೆ
ಮದ್ದಿನಿಂದಲೂ ಉಳಿಸಬೇಕಾಯಿತು.
ಉಳಿದ. ಬಲಗಾಲಿನ ಎರಡು ಬೆರಳು ಉಳಿಯಲಿಲ್ಲ.

ಅಂದಿನಿಂದ ಊರಲ್ಲಿ ಯಾರು ಸೊಪ್ಪು ಎಂದರೂ
ಸೆರಗು ಸಿಕ್ಕಿಸಿ ಜಗಳಕ್ಕೆ ನಿಲ್ಲುತ್ತಿದ್ದವಳು ನಾನು.

ಇಲ್ಲಿ ಸೇರಿದ ದಿನ ನಾಲ್ಕು ಪುಟಕ್ಕೆ ಸಹಿ ಹಾಕಿಸಿಕೊಂಡರು:
ಎಲೆಯೊಳಗಿನದರ ಹೆಸರು
ಹೊರಗೆ ಹೇಳತಕ್ಕದ್ದಲ್ಲ.
ನಗು ಬಂತು. ಯಾಕೆ ನಗುತ್ತೀ ಎಂದರು ಗುಮಾಸ್ತರು.
ಸಾಬಣ್ಣ ತಾತ ಹೋದ ವರ್ಷ ತೀರಿಕೊಂಡ,
ಮುಷ್ಟಿ ಬಿಚ್ಚದೆ.
(ಇಲ್ಲೂ ನಾನು ಹೆಸರು ಹೇಳಿಲ್ಲ, ನೋಡಿರಿ.)

ಮೌನೇಶ ಫೋನು ಮಾಡುತ್ತಾನೆ:
"ಒಂದೆಲಿ ತಾರಕ್ಕ, ಕಿಸೆದಾಗ ಇಟ್ಕೊಂಡು ನೀರು ಕಟ್ಟತೀನಿ."
ಹಾಗಲ್ಲಪ್ಪ, ಜಗಿದು ನುಂಗಿದರೆ
ಹೊಟ್ಟೆ ಅದನ್ನೂ ರೊಟ್ಟಿಯೆಂದೇ ಕರಗಿಸುತ್ತದೆ.
ಬುಟ್ಟಿಗಟ್ಟಲೆ ರುಬ್ಬಿ, ಸೋಸಿ, ಮತ್ತೆ ಸೋಸಿದರೆ
ಉಳಿಯುವುದು ಕುಂಕುಮದ ಚಿಟಿಕೆಯಷ್ಟೂ ಇಲ್ಲ.
ಇಲಿಗಳಿಗೆ ಕೊಟ್ಟಿದ್ದಾರೆ. ಹತ್ತರಲ್ಲಿ ಏಳು ಬದುಕಿವೆ.
ಮನುಷ್ಯರ ಪಾಳಿ ಇನ್ನೂ ಬಂದಿಲ್ಲ.
"ಏಳು ಅಂದರ ಚಲೋನ ಅಲ್ಲೇನ?"
ಹೂಂ ಅಂದೆ.
ಮೂರನ್ನು ಚೀಲಕ್ಕೆ ಹಾಕಿದ ಕೈಯಲ್ಲೇ ಫೋನು ಇತ್ತು.

ಸಂಬಳ ಬರುವುದು, ಖರೆ ಹೇಳಬೇಕೆಂದರೆ, ಮೊಗ್ಗು ಚಿವುಟುವುದಕ್ಕೆ.
ಇಲ್ಲಿ ಹೂವರಳಬಾರದು. ಪರಾಗ ದಾಟಬಾರದು.
ಕಲಿತದ್ದನ್ನು ಎಲೆ ಬೀಜಕ್ಕೆ ಹೇಳಿ
ಬೀಜ ಊರಿಗೆಲ್ಲ ಹೇಳಬಾರದು.
ಬೆಳಿಗ್ಗೆ ಎಂಟಕ್ಕೆ ಕುಂಡ ಕುಂಡದ ನೆತ್ತಿ ತಡವಿ
ಚಿವುಟುತ್ತೇನೆ, ಎಣಿಸುತ್ತೇನೆ, ಬರೆಯುತ್ತೇನೆ.

ಮೊಹರಂಗೆ ಎರಡು ದಿನ ರಜೆ ಇತ್ತು.
ಮರಳಿ ಬಂದ ಸಂಜೆ, ಮೂಲೆಯ ಕುಂಡದಲ್ಲಿ
ಬೆಳ್ಳಗೆ ಒಂದು, ಉದ್ದ ಕತ್ತಿನದು,
ಯಾರನ್ನೂ ಕೇಳದೆ ಅರಳಿತ್ತು.
ಬಾಗಿಲ ಕಡೆ ನೋಡಿ, ಮಾಸ್ಕು ಕೆಳಗೆ ಸರಿಸಿ,
ಮೂಸಿದೆ.
ಆಮೇಲೆ ಕತ್ತರಿ. ಕೆಂಪು ಚೀಲ. ಬಾಯಿಗೆ ಗಂಟು.
ಹಬೆಯ ಪೆಟ್ಟಿಗೆಗೆ ಕೊಟ್ಟು ರಿಜಿಸ್ಟರಿನಲ್ಲಿ ಬರೆದೆ:
ಹೂ ಒಂದು. ನಾಶ ಒಂದು.
ಪರಿಮಳಕ್ಕೆ ಅಲ್ಲಿ ಕಾಲಂ ಇಲ್ಲ.

ಬಸ್ಸಿಳಿದು, ಓಣಿ ದಾಟಿ,
ಮನೆಯ ಬೀಗ ತೆಗೆಯುವಾಗಲೇ ಗೊತ್ತಾದದ್ದು
ಇಡೀ ದಾರಿ ಎಡಗೈ ಮುಷ್ಟಿ ಬಿಗಿದೇ ಇತ್ತೆಂದು.
ಬಿಚ್ಚಿದೆ.
ಒಳಗೆ ಏನೂ ಇರಲಿಲ್ಲ.