ಖಾಲಿಯೂ ಸೊನ್ನೆಯೂ

ಮಲ್ಪೆಯ ಐಸ್ ಪ್ಲಾಂಟಿನ ಮೇಲಿನ ಕೋಣೆ.
ಕೆಳಗೆ ಮಂಜುಗಡ್ಡೆ ಪುಡಿಯಾಗುವಾಗ
ಮೇಲೆ ಮೇಜು ನಡುಗುತ್ತದೆ,
ಪರದೆಯ ಮೇಲಿನ ಬಾಣವೂ ನಡುಗುತ್ತದೆ.
ಅದು ನನ್ನ ಕೈಯೂ ಇರಬಹುದು.

ಮಿಸ್ರಿಯಾ ಹೇಳಿದಳು: ಮೌಸನ್ನು ಹಾಗೆ ಹಿಂಡಬೇಡಿ ಅಕ್ಕಾ,
ಅದು ಬಂಗುಡೆಯಲ್ಲ.
ಕೀಬೋರ್ಡಿಗೆ ಪ್ಲಾಸ್ಟಿಕ್ ಹೊದೆಸಿದ್ದಾಳೆ ಹುಡುಗಿ,
ನನ್ನ ಉಗುರಿನ ಸಂದಿಯ ಹುರುಪೆಗೆ ಹೆದರಿ.

ಅಡ್ಡ ಹೋದದ್ದು ಸಾಲು, ಕೆಳಗೆ ಇಳಿದದ್ದು ಕಾಲಂ.
ಇದೇನು ಹೊಸತು?
ನಲ್ವತ್ತು ವರ್ಷ ಮಾರ್ಕೆಟಿನ ಸಿಮೆಂಟು ಕಟ್ಟೆಯಲ್ಲಿ
ಬೂತಾಯಿಯ ಪಕ್ಕ ಬೂತಾಯಿ,
ತಲೆಯೆಲ್ಲ ಒಂದೇ ಕಡೆಗೆ, ಕಣ್ಣು ಮಾಸಿದ್ದು ಅಡಿಗೆ,
ಜೋಡಿಸಿಕೊಂಡೇ ಬಂದವಳು ನಾನು.

ಆದರೂ ಒಂದು ದಿನ
ಮುಕ್ಕಾಲು ಬುಟ್ಟಿ ಬರೆಯಲು ಮೂರು, ಗೀಟು, ನಾಲ್ಕು ಒತ್ತಿದೆ.
ಏಪ್ರಿಲ್ ಮೂರು ಅಂದಿತು.
ಅಲ್ಲ ಮಾರಾಯ್ತಿ, ಕಾಣೆ ಮೀನು, ಮುಕ್ಕಾಲು ಬುಟ್ಟಿ.
ಏಪ್ರಿಲ್ ಮೂರು.
ಬ್ಯಾಂಕಿನ ಮೆನೇಜರಿನ ಹಾಗೆಯೇ,
ತನಗೆ ಅರ್ಥವಾದದ್ದೇ ಸರಿ.

ಇನ್ನೊಮ್ಮೆ ಒಟ್ಟು ಮೊತ್ತದ ಚೌಕದಲ್ಲಿ
ಸಂಖ್ಯೆಯೇ ಇಲ್ಲ, ಉದ್ದಕ್ಕೆ ಬರೀ ಬೇಲಿ.
ಹಾಳಾಯಿತು ಎಂದು ಎದ್ದು ನಿಂತೆ.
ಇಲ್ಲ ಅಕ್ಕಾ, ಮನೆ ಸಣ್ಣದು, ಲೆಕ್ಕ ದೊಡ್ಡದು,
ಗೋಡೆಯನ್ನು ಸ್ವಲ್ಪ ಎಳೆಯಿರಿ.
ಎಳೆದೆ.
ಆರು ಲಕ್ಷ ಚಿಲ್ಲರೆ!
ಹನ್ನೊಂದು ಹೆಂಗಸರ ಐದು ತಿಂಗಳು,
ಐಸಿನ ದುಡ್ಡು, ರಿಕ್ಷಾ ಬಾಡಿಗೆ ಕಳೆದು.
ಬಾಗಿಲು ಹಾಕಿ ಬಾ ಎಂದೆ ಮಿಸ್ರಿಯಾಗೆ,
ಯಾರಾದರೂ ಕೇಳಿಸಿಕೊಂಡಾರು ಎಂದು.

ಬಿ ಅಂದರೆ ಆಗಸ್ಟ್, ಎಫ್ ಅಂದರೆ ಡಿಸೆಂಬರ್,
ಜಿಯಲ್ಲಿ ಸರಾಸರಿ, ಎಚ್‌ನಲ್ಲಿ ಸಂಘದ ಸಾಲದ ಬಾಕಿ.
ಏಳನೇ ಸಾಲು ವಾರಿಜಕ್ಕ ತಿಂಗಳಾಯ.
ಅಕ್ಟೋಬರಿನ ಕೊನೆಯ ಬುಧವಾರ
ಬುಟ್ಟಿ ಇಳಿಸಿ, ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಾ
ಪಕ್ಕಕ್ಕೆ ಒರಗಿದಳಲ್ಲ, ಅವಳು.
ಹರಾಜಿನ ಚೀಟಿಗಳನ್ನು ಸೀರೆ ಅಂಗಡಿಯ ತೊಟ್ಟೆಯಲ್ಲಿ
ಮಗಳು ತಂದುಕೊಟ್ಟಳು, ಒಂದೂ ಬಿಡದೆ.

ನವೆಂಬರಿಗೆ ಸೊನ್ನೆ ಹಾಕಿದೆ. ಡಿಸೆಂಬರಿಗೆ ಸೊನ್ನೆ.
ಸರಾಸರಿ ದಡಕ್ಕನೆ ಇಳಿದು ನಿಂತಿತು:
ಆರು ಸಾವಿರದ ಎಂಟುನೂರ ನಾಲ್ಕು.
ಮಿಸ್ರಿಯಾ ಸ್ವಲ್ಪ ಹೊತ್ತು ಸುಮ್ಮನಿದ್ದಳು.
ಸೊನ್ನೆ ಅಂದರೆ ಅಕ್ಕಾ,
ಕಟ್ಟೆಯಲ್ಲಿ ಕೂತು, ಒಂದೂ ಮಾರದೆ ಎದ್ದು ಹೋದದ್ದು.
ಬಾರದೆ ಇದ್ದವರಿಗೆ ಖಾಲಿ ಬಿಡಬೇಕು.
ಖಾಲಿಯನ್ನು ಅದು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಅಳಿಸಿದೆ, ಎರಡನ್ನೂ.
ಹನ್ನೊಂದು ಸಾವಿರದ ಮುನ್ನೂರ ನಲ್ವತ್ತಕ್ಕೆ
ಎದ್ದು ಕೂತಳು ವಾರಿಜಕ್ಕ.
ಇನ್ನು ಎಷ್ಟು ತಿಂಗಳು ಹೋದರೂ ಅಷ್ಟೇ ಅಂತೆ,
ಏರುವುದೂ ಇಲ್ಲ, ಇಳಿಯುವುದೂ ಇಲ್ಲ.

ಆಮೇಲೆ ಹೊಳೆಯಿತು.
ಹನ್ನೊಂದಾ?
ತಿಂಗಳಿಗೆ ಇಪ್ಪತ್ತಕ್ಕೆ ಕಮ್ಮಿಯಿಲ್ಲ ಮಾರಾಯ್ತಿ ಎಂದು
ಸೊಂಟದ ಚೀಲ ತಟ್ಟಿ ತೋರಿಸುತ್ತಿದ್ದಳಲ್ಲ!
ಆ ಚೀಲದಲ್ಲಿ ಏನಿತ್ತು, ಅಡಿಕೆಯಾ?
ನಾನೂ ಅದಕ್ಕೆ ಸರಿಯಾಗಿ
ನನ್ನದು ಇಪ್ಪತ್ತೆರಡು ಎಂದಿದ್ದೆ.

ಕಣ್ಣು ಕೆಳಗಿಳಿಯಿತು. ಹನ್ನೊಂದನೇ ಸಾಲು, ನಾನು:
ಒಂಬತ್ತು ಸಾವಿರದ ಏಳುನೂರು.
ಬೇಬಿ ಸಾಲ್ಯಾನ್ ಹೇಳುವುದು ಒಂದು, ಇಲ್ಲಿರುವುದು ಒಂದು.
ಪದ್ಮಿನಿಯದು ಹೇಳುವುದೇ ಬೇಡ.
ಶನಿವಾರ ಸಭೆಯಲ್ಲಿ ಇದನ್ನೆಲ್ಲ
ಗೋಡೆಯ ಮೇಲೆ ಆಳೆತ್ತರ ಬಿಟ್ಟು ತೋರಿಸಬೇಕಂತೆ.

ಮಿಸ್ರಿಯಾ, ಒಂದು ಕಾಲಂ ತೆಗೆಯುವುದು ಹೇಗೆ?
ಅಳಿಸಬೇಡಿ ಅಕ್ಕಾ, ಮತ್ತೆ ಬೇಕಾಗುತ್ತದೆ.
ತಲೆಯ ಮೇಲೆ ಬಲಗಡೆಯ ಗುಂಡಿ ಒತ್ತಿ,
ಅಡಗಿಸು ಅಂತ ಉಂಟಲ್ಲ, ಅದು.

ಅಡಗಿಸಿದೆ.
ಕೆಳಗೆ ಮಂಜುಗಡ್ಡೆಯ ಯಂತ್ರ ಆಫ್ ಆಗಿತ್ತು.
ಈಗ ಎಫ್ ಆದ ಮೇಲೆ ಎಚ್.
ಎಬಿಸಿಡಿ ಪೂರ್ತಿ ಬರುವವರಿಗೆ ಗೊತ್ತಾದರೆ ಆಗಲಿ.
ನಮ್ಮಲ್ಲಿ ಅದು ಬರುವುದು
ನನಗೆ, ಮತ್ತೆ ವಾರಿಜಕ್ಕನಿಗೆ.