ಎರಡನೇ ಚರಣದ ರೈಲು

ಅಪ್ಪನ ಮೆಟಡೋರಿನಲ್ಲಿ ಹೆಸರಿಲ್ಲದೊಂದು ಕ್ಯಾಸೆಟ್.
ಮೇಲೆ ನೀಲಿ ಬಾಲ್‌ಪೆನ್ನು: ಹಳೇ ಹಾಡು, ಎರಡು.
ಒಂದು ಎಲ್ಲಿ ಹೋಯಿತೋ, ಯಾರೂ ಕೇಳಲಿಲ್ಲ.

ಹತ್ತಿ ಅಂಡಿಗೆ ಹೇರಿಕೊಂಡು
ಮಾನ್ವಿಯಿಂದ ರಾಯಚೂರು ಮುಟ್ಟುವಷ್ಟರಲ್ಲಿ
ಎರಡೂ ಮಗ್ಗುಲು ಮುಗಿಯುತ್ತಿದ್ದವು.
ಮೂಗಿನೊಳಗೆ ಹತ್ತಿಯ ಎಳೆ,
ಕಿವಿಯೊಳಗೆ ಯಾರೋ ಒಬ್ಬ ಹೆಂಗಸಿನ ದನಿ,
ಪುಟಾಣಿ ಕಾಳಿನ ಹಾಗೆ ನಟ್ಟನಡುವೆ ಸೀಳಿದ್ದು.

ಒಲೆಯ ದಾಟಿ ಬಂದೆನು ನಾ, ಎನ್ನುವಳು.
ಎರಡನೇ ಚರಣ. ಒಂದು ಉಸಿರು.
ಆ ಉಸಿರಿನೊಳಗೆ, ದೂರದಿಂದ,
ಒಂದು ರೈಲು ಕೂಗುತ್ತಿತ್ತು
ಶ್ರುತಿಗೆ ಸರಿಯಾಗಿ. ಇಲ್ಲ, ಅರ್ಧ ಸ್ವರ ಕೆಳಗೆ.
ಸ್ಟಿಯರಿಂಗಿನ ಮೇಲೆ ತಾಳ ಹಾಕುತ್ತಿದ್ದ ಅಪ್ಪ
ಗೇಟು ಬಿದ್ದವರ ಹಾಗೆ ಸುಮ್ಮನಾಗುತ್ತಿದ್ದ.

ಅದು ಹಾಡಿನದೇ ರೈಲು ಎಂದುಕೊಂಡಿದ್ದೆ.

ಹದಿನೇಳು ತುಂಬಿದ ವರ್ಷ,
ದೊಡ್ಡಾಸ್ಪತ್ರೆ ಎದುರಿನ ಚಹದಂಗಡಿಯಲ್ಲಿ
ಅದೇ ಹಾಡು ಬಂತು. ಮೂಲದ್ದು.
ಪಿಟೀಲುಗಳ ಹಿಂಡು, ನಡುವೆ
ತೊಳೆದು ಬೋರಲು ಹಾಕಿದ ಸ್ಟೀಲು ತಾಟಿನಂಥ ದನಿ.
ಎರಡನೇ ಚರಣ ಬಂತು. ಉಸಿರು ಬಂತು.
ರೈಲು ಬರಲಿಲ್ಲ.
ಕಪ್ಪು ಹಿಡಿದು ನಿಂತೇ ಇದ್ದೆ,
ಯಾರನ್ನೋ ಕರೆದೊಯ್ಯಲು ಸ್ಟೇಷನ್ನಿಗೆ ಬಂದವಳ ಹಾಗೆ.
ಅದೂ ಅಲ್ಲದೆ ಅಲ್ಲಿ ಒಲೆ ಇರಲಿಲ್ಲ:
ಹೊಳೆಯ ದಾಟಿ ಬಂದೆನು ನಾ.
'ತಪ್ಪು ಹಾಡ್ಯಾರ,' ಅಂದೆ.
ಚಹದವ ಸೋಸುವುದು ನಿಲ್ಲಿಸಿ ನಕ್ಕ:
'ಇದಾ ಒರಿಜಿನಲ್, ತಂಗೀ.'

ಈ ಕಡೆ ಕೃಷ್ಣೆ, ಆ ಕಡೆ ತುಂಗಭದ್ರೆ,
ಎರಡು ಹೊಳೆ ನಡುವೆ ಕೂತ ಸೀಮೆಯಲ್ಲಿ
ಹೊಳೆ ಬಿಟ್ಟು ಒಲೆ ಹಾಡಿದವಳು ಯಾರು?

ಅಲ್ಲಿಂದ ಹಿಡಿಯಿತು ಹುಚ್ಚು,
ಒಂದೇ ಹಾಡನ್ನು ಹತ್ತು ಬಾಯಲ್ಲಿ ಕೇಳುವುದು.
ಮದುವೆ ಮೆರವಣಿಗೆಯ ಕ್ಲಾರಿಯೊನೆಟ್ಟಿನಲ್ಲಿ
ಹೊಳೆಯೂ ಇಲ್ಲ, ಒಲೆಯೂ ಇಲ್ಲ;
ಆದರೂ ಮದುಮಗನ ಕುದುರೆ
ಎಲ್ಲ ತಿಳಿದಂತೆ ಕಿವಿ ನಿಮಿರಿಸಿತು.
ಸಿಂಧನೂರಿನ ಹುಡುಗನೊಬ್ಬ ಫೋನಿನೊಳಗೆ
ಗಿಟಾರು ತಬ್ಬಿಕೊಂಡು ಎಷ್ಟು ನಿಧಾನ ಹಾಡಿದನೆಂದರೆ
ಅವನು ಹೊಳೆ ದಾಟುವಷ್ಟರಲ್ಲಿ ನನ್ನ ಅನ್ನ ಸೀದಿತ್ತು.
ಸೀದ ಅನ್ನ ಕೆರೆಯುತ್ತ ಮತ್ತೊಮ್ಮೆ ಹಾಕಿದೆ.
ಇನ್ನೊಬ್ಬಾಕಿ ಕಾರ್ಬನ್ನು ಇಟ್ಟ ಹಾಗೆ ಹಾಡಿದಳು,
ಒಂದು ಕೂದಲೂ ಆಚೀಚೆ ಇಲ್ಲ.
ಆಕೆಯ ಹೆಸರು ಮರೆತೆ.

ಕೊನೆಗೆ ಸಿಕ್ಕವನು ಖಾಜಾ ಹುಸೇನಿ ಮಾಸ್ತರ,
ಸ್ಟೇಷನ್ ರೋಡಿನಲ್ಲಿ ಹೊಲಿಗೆ ಮಷಿನ್ನಿಗೆ ಎಣ್ಣೆ ಬಿಡುತ್ತ:
'ಹುಲಿಗೆಮ್ಮ ಅಂತ. ಹಾಸ್ಟೆಲಿನಾಗ ಅಡಿಗಿ ಮಾಡ್ತಿದ್ಲು.
ಕಂಪನಿ ಕ್ಯಾಸೆಟ್ಟು ನಲವತ್ತು ರೂಪಾಯಿ, ನಮ್ಮದು ಹನ್ನೆರಡು.
ಸ್ಟೇಷನ್ ಹಿಂದ ಒಂದು ಖೋಲಿ, ಕಿಟಕಿಗೆ ಗಾದಿ ಬಡದಿದ್ವಿ.
ಪ್ಯಾಸೆಂಜರ್ ಹೋಗ್ಯದ ಅಂತ ಶುರು ಹಚ್ಚಿದ್ವಿ,
ಹೋಗಿದ್ದು ಮಾಲ್‌ಗಾಡಿ.
ಇನ್ನೊಂದು ಟೇಪಿಗೆ ರೊಕ್ಕ ಇದ್ದಿಲ್ಲ.'

ಒಲೆ? ಅಂದೆ.

ತಬಲಾ ಇಲ್ಲದ ಮೊಣಕಾಲ ಮೇಲೆ
ಬೆರಳು ತಾವೇ ಒಂದಾವರ್ತ ನಡೆದವು.
'ಹೊಳಿ ಅನ್ನಬೇಕು ಅಂತ ನಾನೂ ಹೇಳಿದೆ.
ನಾ ಯಾವ ಹೊಳಿ ದಾಟೀನಿ ಮಾಸ್ತರ,
ಅರವತ್ತು ಹುಡುಗ್ರ ರೊಟ್ಟಿ ಬಡದಿಟ್ಟು
ಒಲಿ ದಾಟಿ ಬಂದೀನಿ, ಹಾಡಸ್ತಿದ್ರ ಹಾಡಸು, ಅಂದ್ಲು.'

ಈಗ ಎಲ್ಲಿದ್ದಾಳೆಂದು ಅವನಿಗೂ ಗೊತ್ತಿಲ್ಲ.

ಕ್ಯಾಸೆಟ್ಟಿನ ರೀಲು ಸುಕ್ಕಾಗಿದೆ,
ಪೆನ್ಸಿಲು ತೂರಿಸಿ ತಿರುಗಿಸಿದರೆ ಕಿರ್ರೆನ್ನುತ್ತದೆ, ಅಷ್ಟೆ.
ಗೇಟು ಬಿದ್ದಾಗಲೆಲ್ಲ ಸ್ಕೂಟಿ ಆರಿಸಿ
ಎರಡನೇ ಚರಣದಿಂದಲೇ ಎತ್ತಿಕೊಳ್ಳುತ್ತೇನೆ, ಹೆಲ್ಮೆಟ್ಟಿನೊಳಗೆ.
ಈಗಿನ ಇಂಜಿನ್ನಿನ ಶ್ರುತಿ ಬೇರೆ.
ಒಮ್ಮೆ ಮೊದಲೇ ಕೂಗುತ್ತದೆ, ಒಮ್ಮೆ ತಡವಾಗಿ.
ನಿನ್ನೆ ಬಹಳ ಹತ್ತಿರ ಬಂದಿತ್ತು,
ಹಿಂದಿನ ಲಾರಿಯವನು ಹಾರ್ನ್ ಹೊಡೆದ.