ಒಂಬತ್ತನೇ ಕ್ರಾಸಿನ ಸ್ಟಾಪು

ಸಾಲಗಾಮೆ ರಸ್ತೆಯಾಚೆ ಒಂದು ಲೇಔಟು.
ಡಾಂಬರಿದೆ, ಚರಂಡಿಯಿದೆ, ಸೈಟಿಗೆ ಸೈಟಿಗೆ ಕಲ್ಲು ನೆಟ್ಟಿದೆ,
ಮನೆ ಮಾತ್ರ ಒಂದೂ ಇಲ್ಲ.
ಹಳದಿ ಬೋರ್ಡು: ಪಾರಿಜಾತ ರಸ್ತೆ, ಕನಕಾಂಬರ ರಸ್ತೆ.
ಹೂವೂ ಇಲ್ಲ, ಮುಡಿಯುವವರೂ ಇಲ್ಲ.
ವರ್ಷಕ್ಕೊಂದು ಭಾನುವಾರ ಕ್ಲಬ್ಬಿನವರು
ಹುಲ್ಲಿನ ಪೆಂಡಿ, ಹಳೇ ಟೈರು ಜೋಡಿಸಿ
ಇದನ್ನೇ ಟ್ರ್ಯಾಕು ಅನ್ನುತ್ತಾರೆ.

ನಾನು ಮೊಗಣ್ಣ. ಶಾಲೆ ಬಸ್ಸಿನ ಡ್ರೈವರು.
ಹತ್ತೊಂಬತ್ತು ವರ್ಷ, ನಲವತ್ತರ ಮೇಲೆ ಮುಳ್ಳು ಏರಿಲ್ಲ.
ಗವರ್ನರ್ ಬಿಡುವುದಿಲ್ಲ,
ಅದು ಬಿಟ್ಟರೂ ಹಿಂದಿನ ಸೀಟಿನ ಅರ್ಫಾ ಬಿಡುವುದಿಲ್ಲ:
ಅಂಕಲ್, ನನ್ನ ಟಿಫನ್ ಬಾಕ್ಸು ಬಿತ್ತು.

ಕಾರು ಅಂಬುಜಾಕ್ಷಿ ಡಾಕ್ಟರದ್ದು, ಹಲ್ಲಿನ ಡಾಕ್ಟರು.
ಸೋದರಮಾವ ಬಿಟ್ಟುಹೋದ ಸ್ಪಿಟ್‌ಫೈರ್, ಅರವತ್ತೈದರದ್ದು,
ಎರಡೇ ಸೀಟು, ಹಾಗಲಕಾಯಿ ಬಣ್ಣ.
ಬಾನೆಟ್ ಎತ್ತಿದರೆ ಅರ್ಧ ಕಾರೇ ಏಳುತ್ತದೆ,
‘ಆ’ ಅನ್ನಿ ಅಂದಾಗ ರೋಗಿ ಬಾಯ್ತೆರೆದಂತೆ.
ಎರಡು ವರ್ಷ ಸಂಜೆ ಸಂಜೆ ಅದರ ಬಾಯೊಳಗೇ ನನ್ನ ತಲೆ.
ಒಳಗೆಲ್ಲ ನಮ್ಮ ಹಳೇ ಹೆರಾಲ್ಡಿನ ನೆಂಟಸ್ತಿಕೆ;
ಅರ್ಧ ಸಾಮಾನು ಸಂತೆಪೇಟೆ ಗುಜರಿಯಲ್ಲೇ ಸಿಕ್ಕಿತು,
ಬುಶ್ಶು ಅರಸೀಕೆರೆಯ ಲೇತಿನಲ್ಲಿ ಕಡೆಸಿದೆ.
ಕೂಲಿ ಕೊಡಲು ಬಂದರು. ಬೇಡ, ಅಂದೆ.
ಹಾಗಾದರೆ ನಾಲ್ಕು ಸುತ್ತು ನಿನ್ನದು, ಅಂದರು.
‘ಒಂದೇ ಮಾತು ಮೊಗಣ್ಣ, ತಿರುವಿನ ನಡುವೆ ಕಾಲು ಎತ್ತಬೇಡ.
ಎತ್ತಿದೆಯೋ, ಹಿಂದಿನ ಚಕ್ರ ಕುರಿಮರಿ ಕಾಲಿನ ಹಾಗೆ
ಒಳಕ್ಕೆ ಮಡಚುತ್ತೆ.
ಆಮೇಲೆ ಎತ್ತ ಮುಖವೋ ದೇವರಿಗೇ ಗೊತ್ತು.’

ಬಸ್ಸಿನಲ್ಲಿ ಕೂತರೆ ಊರಿನ ಕಾಂಪೌಂಡೆಲ್ಲ ಕೆಳಗೆ,
ಒಣಹಾಕಿದ ಸಂಡಿಗೆ ಎಣಿಸಬಹುದು.
ಇಲ್ಲಿ ಕೂತರೆ ಅಂಡಿಗೂ ನೆಲಕ್ಕೂ ಗೇಣು.
ಕನ್ನಡಿ ನೋಡಿದೆ. ನಲವತ್ತೆರಡು ತಲೆಗಳಿಲ್ಲ.
ಆದರೂ ಹಾರ್ನು ಒತ್ತಿಯೇ ಹೊರಟೆ;
ಬಾವುಟ ಹಿಡಿದ ಹುಡುಗ ನಕ್ಕ.

ಮೊದಲನೆಯದು ಸುತ್ತಲ್ಲ, ಪರಿಚಯ.
ಎರಡನೆಯದರಲ್ಲಿ ಪಾರಿಜಾತ ರಸ್ತೆಯುದ್ದಕ್ಕೂ
ಎರಡು ಕಾರ್ಬುರೇಟರೂ ಒಟ್ಟಿಗೆ ಉಸಿರೆಳೆದವು,
ಮುಳ್ಳು ಎಪ್ಪತ್ತು.
ಅದು ಮೈಲಿ ಎಂದು ನೆನಪಾದದ್ದು ಆಮೇಲೆ.
ಗಾಳಿ ಹಲ್ಲಿಗೆ ತಾಗಿತು:
ನಾನು ಬಾಯ್ಬಿಟ್ಟು ನಗುತ್ತಿದ್ದೆ.

ಒಂಬತ್ತನೇ ಕ್ರಾಸು, ಬಲತಿರುವು.
ತಿರುವಿನ ನಟ್ಟನಡುವೆ, ಎಡಕ್ಕೆ,
ಬಿಲ್ಡರು ಆಸೆಪಟ್ಟು ಕಟ್ಟಿಸಿದ ಬಸ್ ಸ್ಟಾಪು.
ನೀಲಿ ಶೀಟು, ಸಿಮೆಂಟು ಬೆಂಚು,
ಗೋಡೆ ಮೇಲೆ ಬರೆಸಿದ ಅಪ್ಪ, ಅಮ್ಮ,
ಬ್ಯಾಗು ಹೊತ್ತು ಕೈಯೆತ್ತಿದ ಹುಡುಗಿ.
ಕಣ್ಣಿಗೆ ಗೊತ್ತು ಚಿತ್ರವೆಂದು.
ಕಾಲಿಗೆ ಯಾರು ಹೇಳಬೇಕು?

ಎತ್ತಿತು.

ಆಕಾಶ, ಹುಲ್ಲಿನ ಪೆಂಡಿ, ಅಂಬುಜಾಕ್ಷಿ ಡಾಕ್ಟರು,
ನೀರಿನ ಟ್ಯಾಂಕು, ಮತ್ತೆ ಅಂಬುಜಾಕ್ಷಿ ಡಾಕ್ಟರು.
ಸುಟ್ಟ ರಬ್ಬರಿನ ನಾತ. ಇಂಜಿನ್ ಬಂದ್.
ಧೂಳು ಇಳಿದಾಗ ನೋಡುತ್ತೇನೆ:
ಎಡಬಾಗಿಲು ಸ್ಟಾಪಿಗೆ ಸರಿಯಾಗಿ,
ಅಂಗುಲ ಹಿಂದಿಲ್ಲ, ಮುಂದಿಲ್ಲ.
ಹತ್ತಿಕೋ ಮಗಾ, ಅಂದುಬಿಡುತ್ತಿದ್ದೆ.

ಡಾಕ್ಟರು ಓಡಿಬಂದು, ನೋವಾಯ್ತಾ, ಅಂದರು
ಹಲ್ಲು ಕೀಳುವಾಗಿನ ದನಿಯಲ್ಲೇ.
ಯಾಕೆ ಎತ್ತಿದೆ?
ಸ್ಟಾಪಿತ್ತು ಮೇಡಂ.
ನಗಲಿಲ್ಲ ಅವರು. ಗೋಡೆಯನ್ನೊಮ್ಮೆ ನೋಡಿ,
ಇನ್ನೂ ಸುತ್ತು ಬಾಕಿ ಇದೆ, ಅಂದರು.

ಮೂರನೆಯದು ತಳ್ಳುವುದರಲ್ಲೇ ಮುಗಿಯಿತು.
ನಾಲ್ಕು. ಅದೇ ತಿರುವು. ಅವಳ ಕೈ ಇನ್ನೂ ಇಳಿದಿಲ್ಲ.
ತಪ್ಪಾಯ್ತು ಕಂದಾ, ಅಂದೆ;
ತೊಡೆ ನಡುಗಿದರೂ ಕಾಲು ಇಟ್ಟಲ್ಲೇ ಇಟ್ಟೆ.
ಬಾಲ ಒಮ್ಮೆ ಕೊಂಕಿತು, ಯೋಚಿಸಿತು,
ನನ್ನ ಹಿಂದೆಯೇ ಬಂತು.

ಹದಿನಾಲ್ಕು ಕಾರಿನಲ್ಲಿ ನಾನು ಹದಿಮೂರನೆಯವನು.
ಹದಿನಾಲ್ಕನೆಯವನ ರೇಡಿಯೇಟರು ಒಡೆದಿತ್ತು.

ಸೋಮವಾರ ಏಳೂ ಇಪ್ಪತ್ತು, ತಣ್ಣೀರುಹಳ್ಳ.
ಒಂದು ಶೂ ಕಾಲಲ್ಲಿ, ಒಂದು ಕೈಯಲ್ಲಿ,
ಅರ್ಫಾ ಓಡಿಬರುತ್ತಿದ್ದಾಳೆ.
ಕಾಲು ತಾನೇ ಎತ್ತಿತು.
ಬಗ್ಗಿ ಅದನ್ನೊಮ್ಮೆ ನೋಡಿದೆ,
ಬೇರೆ ಯಾರದೋ ಕಾಲನ್ನು ನೋಡುವಂತೆ.